ಹೊಳೆ ದಾಟಿ ಬಂದ ಟೀಚರಮ್ಮನಿಗೆ

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಒಂದು ತಿಂಗಳು. ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ನಮ್ಮ ಸಭೆಯ ಬುಧವಾರದ ಕೂಟದಲ್ಲಿ ನಾನು ಬೈಬಲಿನಿಂದ ಇಸ್ರಾಯೇಲಿನ ಹನ್ನೆರಡು ಕುಲಗಳ ಪಾಠ ತೆಗೆದುಕೊಳ್ಳುತ್ತಿದ್ದೆ. ಯಾಕೋಬನ ಮಕ್ಕಳು ಹುಟ್ಟಿದ ಕ್ರಮದಲ್ಲಿ, ವಾರಕ್ಕೊಬ್ಬರು. ಏಳನೆಯವನು ಗಾದ್. ಆ ವಾರ ಅವನ ಕುಲದ ಗಾದ್ಯರನ್ನೂ ಅವನಣ್ಣ ರೂಬೇನನ ಕುಲದ ರೂಬೇನ್ಯರನ್ನೂ ಚೆನ್ನಾಗಿ ಬೈದಿದ್ದೆ. ದನಕುರಿ ಜಾಸ್ತಿ ಇದ್ದವರು, ದೇವರು ಕೊಡ್ತೀನಿ ಅಂದ ನಾಡು ಯೊರ್ದನ್ ಹೊಳೆಯ ಆಚೆಗಿದ್ದರೂ, ಈಚೆ ದಡದ ಗಿಲ್ಯಾದಿನ ಹುಲ್ಲುಗಾವಲು ಕಂಡ ಕೂಡಲೇ ನಮಗೆ ಇಲ್ಲೇ ಸಾಕು, ಹೊಳೆ ದಾಟಿಸಬೇಡಿ ಅಂದವರು. ಅವರನ್ನೆಲ್ಲ ನಡೆಸುತ್ತಿದ್ದ ಮೋಶೆಗೂ ಸಿಟ್ಟು ಬಂತಲ್ವಾ, ಅಣ್ಣತಮ್ಮಂದಿರು ಯುದ್ಧಕ್ಕೆ ಹೋಗುವಾಗ ನೀವು ಇಲ್ಲೇ ಕೂತಿರ್ತೀರಾ ಅಂತ. ನಾನು ಅಲ್ಲಿಗೇ ಪಾಠ ಮುಗಿಸಿದ್ದೆ. ಎರಡು ದಿನಕ್ಕೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದೆವು.

ಆಶೇರನಿಂದ ಬೆನ್ಯಾಮೀನನವರೆಗೆ ಉಳಿದ ಐದು ಪಾಠ ನಡೆಸಿಕೊಟ್ಟ ಸಭೆಯ ಅಯ್ಯನವರಿಗೆ, ರಕ್ತ ಕೊಟ್ಟ ಹುಡುಗರಿಗೆ, ಕ್ಯಾರಿಯರ್‌ನಲ್ಲಿ ಊಟ ಕಳಿಸಿದ ಮನೆಗಳಿಗೆ ತುಂಬಾ ವಂದನೆಗಳು.

ಟೀಚರಮ್ಮನ ಬಗ್ಗೆ ಮಾತ್ರ ಒಂದೇ ಸಾಲಿನಲ್ಲಿ ಹೇಳೋಕೆ ಆಗಲ್ಲ. ಎರಡು ವರ್ಷದ ಹಿಂದೆ ಅವರ ಯಜಮಾನರು ಅದೇ ವಾರ್ಡಿನಲ್ಲಿದ್ದು ಹುಷಾರಾಗಿ ಬಂದವರು. ಆ ಬೆಂಚು, ಆ ವಾಸನೆ, ರಾತ್ರಿ ಹೆಸರು ಕೂಗಿದಾಗ ಎದೆ ಧಸಕ್ಕೆನ್ನುವುದು, ಎಲ್ಲ ಅವರಿಗೆ ಮುಗಿದ ಮಾತು. ಮತ್ತೆ ಅಲ್ಲಿಗೆ ಕಾಲಿಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಆ ಶನಿವಾರ ರಾತ್ರಿ, ಡಾಕ್ಟರು ನನ್ನಿಂದ ಸಹಿ ಹಾಕಿಸಿಕೊಂಡು ಹೋದ ಮೇಲೆ, ಫ್ಲಾಸ್ಕ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ನಾನು ಅವರ ಮುಂದೆ ಅತ್ತುಬಿಟ್ಟೆ. ದೇವರು ಇದ್ದಾನಾ ಟೀಚರಮ್ಮ, ಇದ್ದರೆ ಕೇಳಿಸ್ತಾ ಇದೆಯಾ ಅಂತ ಕೇಳಿಬಿಟ್ಟೆ. ಅವರು ವಾಕ್ಯ ಹೇಳಲಿಲ್ಲ, ಗದರಲಿಲ್ಲ. "ಪ್ರಾರ್ಥನೆ ನಾನು ಮಾಡ್ತೀನಪ್ಪ, ನೀನು ಸ್ವಲ್ಪ ಕಣ್ಣು ಮುಚ್ಚು" ಅಂದರು. ಎಚ್ಚರವಾದಾಗ ಬೆಳಗಾಗಿತ್ತು, ಅವರು ಕೂತಲ್ಲೇ ಕೂತಿದ್ದರು.

ಆಮೇಲೆ ಮನೆಯಲ್ಲಿ ಬೈಬಲಿನ ಅರಣ್ಯಕಾಂಡದಲ್ಲಿ ಈ ಕಥೆ ಇರುವ 32ನೇ ಅಧ್ಯಾಯ ತೆಗೆದು ಪೂರ್ತಿ ಓದಿದೆ. ಹೆಂಡತಿ ಮಕ್ಕಳನ್ನು, ದನಕರುಗಳನ್ನು ಗಿಲ್ಯಾದಿನಲ್ಲಿ ಬಿಟ್ಟು, ಅಣ್ಣತಮ್ಮಂದಿರಿಗೆಲ್ಲ ಪಾಲು ಸಿಗುವವರೆಗೆ ಮನೆಗೆ ತಿರುಗುವುದಿಲ್ಲ ಅಂತ ಮಾತು ಕೊಟ್ಟವರೂ ಆ ಗಾದ್ಯರು, ರೂಬೇನ್ಯರೇ. ರೂಬೇನ್ಯರು, ಗಾದ್ಯರು, ಯೋಸೇಫನ ಮಗ ಮನಸ್ಸೆಯ ಅರ್ಧ ಕುಲದವರು, ಸುಮಾರು 40,000 ಜನ ಆಯುಧ ಹಿಡಿದು ಎಲ್ಲರಿಗಿಂತ ಮುಂದೆ ಹೊಳೆ ದಾಟಿದರು. ಅವರ ಹೊಲ ಆಚೆ ದಡದಲ್ಲಿರಲಿಲ್ಲ. ಹೋರಾಟ ಮುಗಿದ ಮೇಲೆ, ನೀವು ಇಷ್ಟು ದಿನ ಸಹೋದರರ ಕೈಬಿಡಲಿಲ್ಲ ಅಂತ ಹೇಳಿ, ಆಶೀರ್ವದಿಸಿ ಮನೆಗೆ ಕಳಿಸಿದವನು ಮೋಶೆಯ ನಂತರ ನಾಯಕನಾದ ಯೆಹೋಶುವ. ಇದನ್ನೆಲ್ಲ ಬಿಟ್ಟು ನಾನು ಬರೀ ಬೈಗುಳ ಕಲಿಸಿದ್ದೆ. ಟೀಚರಮ್ಮ ಅವತ್ತು ಎರಡನೇ ಸಾಲಿನಲ್ಲಿ ಕೂತು ಕೇಳುತ್ತಿದ್ದರು.

ಬರುವ ಬುಧವಾರ ಗಾದನ ಪಾಠ ಮತ್ತೆ ತೆಗೆದುಕೊಳ್ಳುತ್ತೇನೆ, ಎಲ್ಲರೂ ಬನ್ನಿ. ಟೀಚರಮ್ಮ, ನಿಮ್ಮ ಫ್ಲಾಸ್ಕ್ ಇನ್ನೂ ನಮ್ಮನೆಯಲ್ಲೇ ಇದೆ. ಅಮ್ಮ ತಾನೇ ನಡೆದು ಬಂದು ಕೊಡ್ತಾರಂತೆ.