ಬೇಸಿಗೆಯಲ್ಲಿ ಮಾವಿಗೆ ಯೂರಿಯಾ ಬೇಡ

ಮಾನ್ಯ ಸಂಪಾದಕರೇ,

ಮಾರ್ಚ್ ಬಂತೆಂದರೆ ಕುಷ್ಟಗಿ, ಯಲಬುರ್ಗಾ, ಕನಕಗಿರಿ ಕಡೆ ಮಾವಿನ ತೋಟಗಳಿಗೆ ಟ್ಯಾಂಕರ್ ನೀರು ಶುರು. ಜೊತೆಗೆ ‘ಗಿಡ ಸೊರಗೈತಿ’ ಎಂದು ಬುಡಕ್ಕೆ ಒಂದೊಂದು ಬೊಗಸೆ ಯೂರಿಯಾ. ನೀರು ಸರಿ, ಯೂರಿಯಾ ಕೇಡು. ಒಣ ಮಣ್ಣಿನಲ್ಲಿ ಅದು ಬೇರಿನ ಸುತ್ತ ಲವಣ ಏರಿಸುತ್ತದೆ. ಇದ್ದಷ್ಟು ಹಸಿಯನ್ನೂ ಬೇರು ಎಳೆದುಕೊಳ್ಳಲಾರದು. ತಾಳಿಕೊಂಡ ಗಿಡ ಚಿಗುರು ಒಡೆಯುತ್ತದೆ. ಬೇರು ಇದ್ದಷ್ಟೇ, ಎಲೆ ಹೆಚ್ಚು. ಬಿಸಿಲಿಗೆ ಮೊದಲು ಬಾಡುವುದು ಆ ಚಿಗುರೇ.

ಬರ ತಾಳಲು ಬೇಕಾದದ್ದು ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಗೊಬ್ಬರ. ಎಲೆಯ ಪತ್ರರಂಧ್ರಗಳು ತೆರೆದು ಮುಚ್ಚುವುದು ಅವುಗಳ ಅಂಚಿನ ಕೋಶಗಳಿಗೆ ಪೊಟ್ಯಾಸಿಯಂ ಬಂದು ಹೋಗುವುದರಿಂದ. ಕೊರತೆಯಿದ್ದರೆ ರಂಧ್ರಗಳು ಚುರುಕಾಗಿ ಮುಚ್ಚವು, ನೀರು ಆವಿಯಾಗುತ್ತಲೇ ಇರುತ್ತದೆ. ಆದರೆ ಪೊಟ್ಯಾಷ್ ಮಣ್ಣಿನ ಹಸಿಯೊಳಗೇ ಮೆಲ್ಲಗೆ ಸರಿದು ಬೇರು ಮುಟ್ಟಬೇಕು. ಹಸಿ ಆರಿದರೆ ಅಲ್ಲಲ್ಲೇ ನಿಂತಿತು. ರಂಜಕ, ಸತುವಿನ ಪಾಡೂ ಇದೇ. ಹಾಗಾಗಿ ಬೇಸಿಗೆಯ ಗೊಬ್ಬರ ಮಳೆಗಾಲದಲ್ಲೇ ಗಿಡದೊಳಗೆ ಸೇರಿರಬೇಕು.

ಮಾವಿಗೆ ರೂಢಿಯಲ್ಲಿರುವ ಶಿಫಾರಸು: ಗಿಡದ ಒಂದೊಂದು ವರ್ಷದ ವಯಸ್ಸಿಗೆ 170 ಗ್ರಾಂ ಯೂರಿಯಾ, 110 ಗ್ರಾಂ ಸೂಪರ್ ಫಾಸ್ಫೇಟ್, 115 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. 10 ವರ್ಷ ದಾಟಿದ ಗಿಡಕ್ಕೆ 1.7, 1.1, 1.15 ಕಿಲೋ, ಅದಕ್ಕಿಂತ ಏರಿಸುವುದಿಲ್ಲ. ಇದರಲ್ಲಿ ಅರ್ಧವನ್ನು ಕೊಯ್ಲು ಮುಗಿದ ಮೇಲೆ ಜೂನ್–ಜುಲೈನಲ್ಲಿ, ಇನ್ನರ್ಧವನ್ನು ಅಕ್ಟೋಬರ್‌ನಲ್ಲಿ ಹಾಕಬೇಕು. ನಮ್ಮಲ್ಲಿ ಅಕ್ಟೋಬರ್ ಎಂದರೆ ಹಸ್ತ ಮಳೆಯ ಹಸಿ ಇರುವಾಗಲೇ. ಅದರ ಮುಂದಿನ ಚಿತ್ತಿ ಮಳೆಯನ್ನು ನಂಬಿ ಕೂರಬಾರದು. ಮಳೆ ಕೈಕೊಟ್ಟ ವರ್ಷ ಎರಡನೇ ಕಂತಿನ ಯೂರಿಯಾ ಬಿಟ್ಟರೂ ನಡೆದೀತು. ಹೂ ಬಿಡಬೇಕಾದ ಕೊಂಬೆ ಚಿಗುರಿಗೆ ತಿರುಗುವುದಾದರೂ ತಪ್ಪುತ್ತದೆ. ಪೊಟ್ಯಾಷ್ ಮಾತ್ರ ಬಿಡಬೇಡಿ. ಬೊಡ್ಡೆಗೆ ಒತ್ತಿ ಹಾಕಿದ ಗೊಬ್ಬರ ದಂಡ, ಹೀರುವ ಸಣ್ಣ ಬೇರುಗಳಿರುವುದು ಹೊರಗೆ. ಕೊಂಬೆಗಳ ಹರವಿನ ಅಂಚಿನಲ್ಲಿ ಸುತ್ತಲೂ ಅರ್ಧ ಅಡಿ ಆಳ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ ಮುಚ್ಚಬೇಕು.

ಸವಳು ನೀರಿನ ಬೋರ್ ಇದ್ದವರು ಮ್ಯೂರಿಯೇಟ್ ಮುಟ್ಟದಿರುವುದೇ ಲೇಸು, ಅದರಲ್ಲಿ ಕ್ಲೋರೈಡ್ ಇದೆ. ಹಳೆಯ ಎಲೆಗಳ ತುದಿ, ಅಂಚು ಸುಟ್ಟಂತೆ ಕಾಣುವುದು ಪೊಟ್ಯಾಷ್ ಕೊರತೆಯಿಂದಲೂ ಹೌದು, ಕ್ಲೋರೈಡ್ ಅತಿಯಾದರೂ ಹೌದು. ಕೊರತೆಯೆಂದೇ ತಿಳಿದು ಮತ್ತೆ ಮ್ಯೂರಿಯೇಟ್ ಸುರಿದರೆ ಸುಡುವುದು ಇನ್ನೂ ಹೆಚ್ಚುತ್ತದೆ. ಅಂಥ ತೋಟಕ್ಕೆ 115 ಗ್ರಾಂ ಬದಲು 140 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಲೆಕ್ಕ ಹಿಡಿಯಿರಿ. ದುಬಾರಿ, ಆದರೆ ಬೇರೆ ದಾರಿಯಿಲ್ಲ.

ಸುಣ್ಣದಂಶದ ಎರೆ ಭೂಮಿಯಲ್ಲಿ ಸತು ಮಣ್ಣಿಗೆ ಹಾಕಿದರೆ ಅಲ್ಲೇ ಕಟ್ಟಿಹೋಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ ಸೇರಿಸಿ, ಸೋಸಿ, ಹೊಸ ಚಿಗುರಿಗೆ ಸಿಂಪಡಿಸಬೇಕು. ರಂಜಕದ ಗೊಬ್ಬರ ಇದರೊಡನೆ ಬೆರೆತರೆ ಗಷ್ಟು ಕಟ್ಟಿ ನಾಝಲ್ ಮುಚ್ಚುತ್ತದೆ. ಮಳೆ ನಡುವೆ ಬಿಡುವಾದಾಗ 13-0-45 (ಪೊಟ್ಯಾಸಿಯಂ ನೈಟ್ರೇಟ್) ಲೀಟರಿಗೆ 10 ಗ್ರಾಂನಂತೆ ಸಂಜೆ ಹೊಡೆಯಬಹುದು, ಎಲೆ ಬಾಡುವ ಮುನ್ನ.

ಕೊನೆಗೊಂದು ಕೋರಿಕೆ. ಮಣ್ಣು ಆರೋಗ್ಯ ಕಾರ್ಡಿಗೆ ತೆಗೆಯುವ ಮಾದರಿ ಹೊಲದ ಬೆಳೆಗೆ ಹೊಂದುವಂತೆ ಮೇಲಿನ ಅರ್ಧ ಅಡಿಯದು. ಮರದ ಬೇರಿಗೆ ಅದು ಸಾಲದು. ತೋಟಗಾರಿಕೆ ಇಲಾಖೆ 0–30, 30–60 ಸೆಂ.ಮೀ. ಆಳದ ಎರಡು ಮಾದರಿ ಹಾಗೂ ಬೋರ್ ನೀರಿನ ಕ್ಲೋರೈಡ್ ಪರೀಕ್ಷೆಯನ್ನು ಮುಂಗಾರಿಗೆ ಮೊದಲೇ ಮಾಡಿಸಿಕೊಟ್ಟರೆ ಯಾವ ತೋಟಕ್ಕೆ ಯಾವ ಪೊಟ್ಯಾಷ್ ಎಂಬುದು ಗೊಬ್ಬರ ಕೊಳ್ಳುವ ಮುನ್ನವೇ ತಿಳಿಯುತ್ತದೆ.

– ಮಾವು ಬೆಳೆಗಾರರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ