ಇನ್ನು ಮೊದಲೇ ಅಚ್ಚು ಹಾಕಿ ಇಡುವುದಿಲ್ಲ

ಗದಗ-ಬೆಟಗೇರಿ ಮತ್ತು ಸುತ್ತಲಿನ ಹಳ್ಳಿ ಶಾಲೆಗಳ ಗುರುಗಳಿಗೆ, ಗುರುಮಾತೆಯರಿಗೆ ನಮಸ್ಕಾರ.

ಬರುವ ಜೂನ್‌ನಿಂದ ನಮ್ಮ ಸಹಕಾರಿ ಪ್ರೆಸ್ಸಿನ ಪದ್ಧತಿ ಬದಲಾಗುತ್ತಿದೆ. ಪ್ರಶ್ನೆ ಸಂಚಿಕೆ, ಪ್ರಗತಿ ಪತ್ರ ಯಾವುದನ್ನೂ ಮೊದಲೇ ಅಚ್ಚು ಹಾಕಿ ಇಡುವುದಿಲ್ಲ. ನೀವು ಆರ್ಡರ್ ಕೊಟ್ಟ ಮೇಲೆಯೇ ಮಷೀನು ತಿರುಗುತ್ತದೆ. ಅರ್ಧ ದುಡ್ಡು ಮುಂಗಡ ಕೊಡಬೇಕು. ಇಷ್ಟು ವರ್ಷ ಉದ್ರಿ ನಡೀತಿತ್ತಲ್ಲ, ಈಗೇನಾಯ್ತು ಅಂತ ಕೇಳುತ್ತೀರಿ. ಕಾರಣ ನಮ್ಮ ಅಟ್ಟದ ಮೇಲಿದೆ.

ಅಲ್ಲಿ 5, 8, 9ನೇ ತರಗತಿಯ ಪ್ರಶ್ನೆ ಸಂಚಿಕೆಗಳ ಬಂಡಲ್‌ಗಳಿವೆ. ಸುತ್ತಿದ ಸುತಲಿ ಕೂಡ ಬಿಚ್ಚಿಲ್ಲ. ಮುಖಪುಟದ ಮೇಲೆ ಕೆಂಪು ಅಕ್ಷರದಲ್ಲಿ 'ಬೋರ್ಡ್ ಪರೀಕ್ಷೆ 2024'. ಆ ಮಾರ್ಚ್ ನಿಮಗೂ ನೆನಪಿರಬೇಕು. 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯ ಆದೇಶ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿತು. 25ಕ್ಕೆ ಮತ್ತೆ ಶುರು. ಎಲ್ಲ ಮುಗೀತು ಅನ್ನುವಷ್ಟರಲ್ಲಿ ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ. ನಮಗಂತೂ ಪರೀಕ್ಷೆ ರದ್ದು, ಪುಸ್ತಕ ರದ್ದಿ.

ಹೋಗಲಿ ಎಂದು ಸುಮ್ಮನಾದೆವು. ಕಳೆದ ವರ್ಷ ಪ್ರಗತಿ ಪತ್ರದ ಸರದಿ. ಮೇ ತಿಂಗಳಲ್ಲೇ ಅಚ್ಚಾಗಿತ್ತು, ಕೆಳಗೆ 'ತೇರ್ಗಡೆಗೆ ಕನಿಷ್ಠ ಶೇ 35'. ಅಕ್ಟೋಬರಿನಲ್ಲಿ, ಅರ್ಧ ವರ್ಷ ಕಳೆದ ಮೇಲೆ, ಎಸ್ಸೆಸ್ಸೆಲ್ಸಿಗೆ ಶೇ 33 ಸಾಕು ಎಂದಾಯಿತು. 625ಕ್ಕೆ 206, ಒಂದೊಂದು ವಿಷಯದಲ್ಲಿ ಕನಿಷ್ಠ ಶೇ 30. ಉಳಿದ ಪತ್ರಗಳ ಮೇಲೆ ನಮ್ಮ ಹುಡುಗರು ಗೋಂದು ಹಚ್ಚಿ ಚೀಟಿ ಅಂಟಿಸಿದರು. ಕೆಲವು ಸೊಟ್ಟಗಾದವು. ಒಬ್ಬ ಹೆಡ್ ಮಾಸ್ತರು ಕೈಯಲ್ಲಿ ಹಿಡಿದು, 'ಅಂಕ ತಿದ್ದಿಧಾಂಗ ಕಾಣ್ತದಲ್ರೀ' ಎಂದರು. ನಾವು ಏನು ಹೇಳಬೇಕು?

ಸರ್ಕಾರ ಪಾಸಿನ ಮಟ್ಟ ಗೊತ್ತು ಮಾಡುವುದೇ ಬೇಡ ಎಂದು ನಾವು ಅನ್ನುತ್ತಿಲ್ಲ. ಎಸ್ಸೆಸ್ಸೆಲ್ಸಿ ಕೋಣೆಗೆ ಕ್ಯಾಮೆರಾ ಬಂದ 2024ರಲ್ಲಿ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ! ಬಿಗಿ ಬೇಕು, ಸರಿ. ಆದರೆ ನಿಯಮ ಜೂನ್‌ಗೆ ಮೊದಲು ಬರಬೇಕು ಅಲ್ವಾ?

ಹೊಸ ಪ್ರಗತಿ ಪತ್ರದಲ್ಲಿ ಪಾಸಿನ ಸಾಲು ಖಾಲಿ ಇರುತ್ತದೆ. ಪೆನ್ನಿನಲ್ಲಿ ನೀವೇ ತುಂಬಿಕೊಳ್ಳಿ. ಸಣ್ಣ ಶಾಲೆಗಳಿಗೆ ಮುಂಗಡ ಭಾರವಾದರೆ ಬಂದು ಮಾತಾಡಿ, ಎರಡು ಕಂತು ಮಾಡೋಣ.

ಅಟ್ಟದ ಮೇಲಿನ ಬಂಡಲ್‌ಗಳಲ್ಲಿ ಗಣಿತದವು ಅಭ್ಯಾಸಕ್ಕೆ ನಡೆಯುತ್ತವೆ. ಬೇಕಾದವರು ಸುಮ್ನೆ ಒಯ್ಯಿರಿ, ದುಡ್ಡು ಬೇಡ. ಮುಖಪುಟ ಹರಿದು ಕೊಡುತ್ತೇವೆ.

ನಿಮ್ಮ ಪ್ರೆಸ್ಸಿನ ಬಳಗ,
ಗದಗ