ಮಾನ್ಯ ಸಭಾಧ್ಯಕ್ಷರೇ, ಆ ಪೀಠದಲ್ಲಿ ನಮ್ಮವರನ್ನೂ ಕೂರಿಸಿ

ಕರ್ನಾಟಕ ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರಾದ ಶ್ರೀ ಯು.ಟಿ. ಖಾದರ್ ಅವರಿಗೆ,

ನಮಸ್ಕಾರಗಳು.

ನಾನು ಗುಂಡ್ಲುಪೇಟೆ ತಾಲ್ಲೂಕಿನವಳು. 2020ರ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು, ಮೊದಲ ಮೂವತ್ತು ತಿಂಗಳು ಅಧ್ಯಕ್ಷೆಯಾಗಿದ್ದೆ. ಈಗ ಚೆಂಡು ಹೂವು, ಸಣ್ಣ ಈರುಳ್ಳಿ ಬೆಳೆದುಕೊಂಡು ನನ್ನ ಪಾಡಿಗೆ ಇದ್ದೇನೆ. ತಮಗೆ ಪತ್ರ ಬರೆಯುವಷ್ಟು ದೊಡ್ಡವಳೇನೂ ಅಲ್ಲ. ಆದರೆ ಕಳೆದ ಮಳೆಗಾಲದ ಅಧಿವೇಶನ ನೋಡಿ ಬಂದ ಮೇಲೆ ಮನಸ್ಸಿನಲ್ಲಿ ಒಂದು ವಿಷಯ ಕೂತುಬಿಟ್ಟಿದೆ. ತಮಗೆ ಹೇಳದೆ ಅದು ಇಳಿಯುವಂತಿಲ್ಲ.

ಹೂವಿನ ಕೊಯ್ಲು ಮುಗಿದ ವಾರ, ನಾವು ಮೂವರು ಹೆಂಗಸರು ನಸುಕಿನಲ್ಲೇ ಬಸ್ಸು ಹತ್ತಿದೆವು. ಆಧಾರ್ ಕಾರ್ಡ್ ತೋರಿಸಿದೆವು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟರು. ಮೈಸೂರಿನಲ್ಲಿ ಬಸ್ಸು ಬದಲಿಸಿ ಬೆಂಗಳೂರು ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೊಬೈಲನ್ನು ಹೊರಗೆ ಕೊಟ್ಟು, ಚೀಲ ತಪಾಸಣೆ ಮಾಡಿಸಿಕೊಂಡು, ಮೆಟ್ಟಿಲು ಹತ್ತಿ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತೆವು. ಕೆಳಗೆ ಸಾಲುಸಾಲು ಬಿಳಿ ಅಂಗಿಗಳು. ನನ್ನ ಜೊತೆ ಬಂದಿದ್ದವಳು ಮೆಲ್ಲಗೆ ಕೇಳಿದಳು: ‘ನಮ್ಮವರು ಎಲ್ಲಿ ಕೂತಿದ್ದಾರೆ ಅಕ್ಕಾ?’ ಅವಳು ಕೇಳಿದ್ದು ಯಾವುದೇ ಪಕ್ಷದವರನ್ನಲ್ಲ, ಹೆಂಗಸರನ್ನು. ಬಿಳಿ ಅಂಗಿಗಳ ನಡುವೆ ಸೀರೆಯ ಬಣ್ಣ ಹುಡುಕುತ್ತ ಎಣಿಸಿದೆವು. ಎಣಿಸಿ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

ಲೆಕ್ಕ ತಮಗೆ ಗೊತ್ತಿರುವುದೇ. 2023ರ ಮೇ ತಿಂಗಳಲ್ಲಿ 224 ಕ್ಷೇತ್ರಗಳಿಂದ ಗೆದ್ದು ಬಂದ ಮಹಿಳೆಯರು 10 ಮಂದಿ. ಕಾಂಗ್ರೆಸ್ಸಿನಿಂದ ನಾಲ್ವರು, ಬಿಜೆಪಿಯಿಂದ ಮೂವರು, ಜೆಡಿಎಸ್‌ನಿಂದ ಇಬ್ಬರು, ಹರಪನಹಳ್ಳಿಯಿಂದ ಪಕ್ಷೇತರರಾಗಿ ಲತಾ ಮಲ್ಲಿಕಾರ್ಜುನ. 2024ರ ನವೆಂಬರ್‌ನ ಉಪಚುನಾವಣೆಯಲ್ಲಿ ಸಂಡೂರಿನಿಂದ ಅನ್ನಪೂರ್ಣ ತುಕಾರಾಂ ಗೆದ್ದ ಮೇಲೆ 11 ಆಯಿತು. ಮತದಾರರ ಪಟ್ಟಿಯಲ್ಲಿ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಸರಿಸಮ ಇರುವ ರಾಜ್ಯ ಇದು. 2023ರ ಆ ಚುನಾವಣೆಯಲ್ಲಿ ಕಣದಲ್ಲಿದ್ದ ಎರಡೂವರೆ ಸಾವಿರಕ್ಕೂ ಮೀರಿದ ಅಭ್ಯರ್ಥಿಗಳ ಪೈಕಿ ಹೆಂಗಸರ ಸಂಖ್ಯೆ ಇನ್ನೂರನ್ನೂ ಮುಟ್ಟಲಿಲ್ಲ. ಜನ ಮತ ಹಾಕಲಿಲ್ಲ ಎಂದು ದೂರುವ ಮುನ್ನ, ಅವರ ಮುಂದೆ ಇಟ್ಟ ಹೆಸರುಗಳು ಎಷ್ಟು ಎಂಬುದನ್ನು ನೋಡಬೇಕಲ್ಲವೇ? ಹಿಂದೆ ಇದಕ್ಕಿಂತ ಕಡಿಮೆ ಇತ್ತು, ಈಗ ನಿಧಾನವಾಗಿ ಏರುತ್ತಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಅದೂ ನಿಜವಲ್ಲ. 1962ರಲ್ಲಿ, ಇನ್ನೂ ಮೈಸೂರು ರಾಜ್ಯ ಎಂಬ ಹೆಸರಿದ್ದಾಗ, 208 ಸ್ಥಾನಗಳ ಸದನದಲ್ಲಿ 18 ಮಹಿಳೆಯರಿದ್ದರು. ಅರವತ್ತು ವರ್ಷಗಳಲ್ಲಿ ನಮ್ಮ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಊರಿಗೆ ಮರಳಿದ ಮೇಲೆ ಆ ಹನ್ನೊಂದು ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ಕ್ಷೇತ್ರ ಬರೆದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ದೇವದುರ್ಗ, ಶಿವಮೊಗ್ಗ ಗ್ರಾಮಾಂತರ, ಸುಳ್ಯ, ಮೂಡಿಗೆರೆ, ಮಹದೇವಪುರ, ಕೆಜಿಎಫ್, ಸಂಡೂರು. ಈ ಏಳೂ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಮೀಸಲು ಕ್ಷೇತ್ರಗಳು ಒಟ್ಟು 51, ಅವುಗಳಲ್ಲಿ ಏಳು ಕಡೆ ಹೆಂಗಸರಿದ್ದಾರೆ. ಉಳಿದ 173 ಸಾಮಾನ್ಯ ಕ್ಷೇತ್ರಗಳಲ್ಲಿ ಎಷ್ಟು ಗೊತ್ತೇ? ನಾಲ್ಕು. ಬೆಳಗಾವಿ ಗ್ರಾಮೀಣ, ನಿಪ್ಪಾಣಿ, ಗುಲಬರ್ಗಾ ಉತ್ತರ, ಹರಪನಹಳ್ಳಿ. ಹಣ, ಜಾತಿಬಲ, ತೋಳ್ಬಲಗಳ ಪೈಪೋಟಿ ಎಲ್ಲಿ ಜೋರೋ ಅಲ್ಲಿ ಪಕ್ಷಗಳು ಹೆಂಗಸಿನ ಹೆಸರನ್ನು ಮೊದಲು ಹೊಡೆದುಹಾಕುತ್ತವೆ ಎಂದೇ ನಾನು ತಿಳಿದಿದ್ದೇನೆ. ದಲಿತ, ಆದಿವಾಸಿ ಹೆಣ್ಣುಮಕ್ಕಳು ಈ ಸದನದಲ್ಲಿ ನಮ್ಮೆಲ್ಲರ ಮಾನ ಉಳಿಸಿದ್ದಾರೆ. ಈ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು, ಅದಕ್ಕೇ ಹೇಳುತ್ತಿದ್ದೇನೆ.

ಆ ಹನ್ನೊಂದು ಮಂದಿಯಲ್ಲಿ ಹಲವರು ಯಾರದೋ ಮಗಳು, ಯಾರದೋ ಹೆಂಡತಿ ಎಂಬ ಮಾತು ಪ್ರತಿ ಸಲವೂ ಬರುತ್ತದೆ. ಗಂಡಸರು ಯಾರ ಮಕ್ಕಳೂ ಅಲ್ಲವೇ? ತಮ್ಮ ತಂದೆ ಯು.ಟಿ. ಫರೀದ್ ಅವರೂ ಶಾಸಕರಾಗಿದ್ದರು. ಅವರ ನಿಧನದ ನಂತರ 2007ರ ಉಪಚುನಾವಣೆಯಲ್ಲಿ ತಾವು ಗೆದ್ದು ಬಂದಿರಿ. ಅದನ್ನು ಯಾರೂ ತಮ್ಮ ಕೆಲಸದ ಮೇಲೆ ಹೊರಿಸಲಿಲ್ಲ, ಹೊರಿಸಲೂಬಾರದು. ಅದೇ ಔದಾರ್ಯ ನಮ್ಮ ಹೆಣ್ಣುಮಕ್ಕಳಿಗೂ ಸಿಗಲಿ ಎಂಬುದಷ್ಟೇ ನನ್ನ ಕೋರಿಕೆ.

ಇನ್ನು ನಾಯಕತ್ವದ ಮಾತು. ಸಂಖ್ಯೆಗಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಅದು. 2023ರ ಮೇ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ, ಡಿ.ಕೆ. ಶಿವಕುಮಾರ್ ಅವರು ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಒಂದು ವಾರದಲ್ಲಿ ಸಂಪುಟ 34ಕ್ಕೆ ಭರ್ತಿಯಾಯಿತು. ಅದರಲ್ಲಿ ಮಹಿಳೆ ಲಕ್ಷ್ಮೀ ಹೆಬ್ಬಾಳಕರ್ ಒಬ್ಬರೇ, ಅವರಿಗೆ ಸಿಕ್ಕ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಪೀಠಕ್ಕೆ ತಾವು ಬಂದಿರಿ, ಉಪಸಭಾಧ್ಯಕ್ಷರ ಸ್ಥಾನಕ್ಕೆ ರುದ್ರಪ್ಪ ಲಮಾಣಿಯವರು ಬಂದರು. ವಿರೋಧ ಪಕ್ಷದ ನಾಯಕನ ಸ್ಥಾನವಂತೂ ಆರು ತಿಂಗಳು ಖಾಲಿ ಇತ್ತು, ಕೊನೆಗೆ ನವೆಂಬರ್ 17ರಂದು ಆರ್. ಅಶೋಕ್ ಅವರ ಆಯ್ಕೆಯಾಯಿತು. ಆ ಆರು ತಿಂಗಳು ಪತ್ರಿಕೆಗಳಲ್ಲಿ ದಿನಕ್ಕೊಂದು ಹೆಸರು ತೇಲಿಬರುತ್ತಿತ್ತು. ಒಬ್ಬ ಮಹಿಳೆಯ ಹೆಸರನ್ನು ನಾನು ಓದಿದ ನೆನಪಿಲ್ಲ.

ನಮ್ಮ ತಾಲ್ಲೂಕಿನವರಿಗೆ ಇದು ಯಾಕೆ ಇಷ್ಟು ಉರಿಯುತ್ತದೆ ಎಂದರೆ, ನಾವು ಬೇರೆಯದನ್ನು ಕಂಡವರು. ಗುಂಡ್ಲುಪೇಟೆಯಿಂದ ಕೆ.ಎಸ್. ನಾಗರತ್ನಮ್ಮನವರು ಏಳು ಬಾರಿ ಗೆದ್ದರು. 1972ರಿಂದ 1978ರವರೆಗೆ ಇಂದು ತಾವು ಕೂರುವ ಅದೇ ಪೀಠದಲ್ಲಿ ಕೂತು ಸದನ ನಡೆಸಿದರು, ವಿರೋಧ ಪಕ್ಷದ ನಾಯಕಿಯೂ ಆದರು. ನನ್ನ ತಾಯಿ ಅವರಿಗೆ ಮತ ಹಾಕಿದವರು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಎದುರು ಮಾತನಾಡಿದರೆ ದೊಡ್ಡವರು ಬೈಯುತ್ತಿದ್ದುದು ಹೀಗೆ: ‘ಇವಳೊಬ್ಬಳು ನಾಗರತ್ನಮ್ಮ!’ ನಮಗೆ ಅದು ಬೈಗುಳವಾಗಿ ಕೇಳುತ್ತಿರಲಿಲ್ಲ. ಅವರು ಆ ಪೀಠ ಬಿಟ್ಟು ಐವತ್ತು ವರ್ಷ ಸಮೀಪಿಸುತ್ತಿದೆ. ಅಲ್ಲಿಗೆ ಇನ್ನೊಬ್ಬ ಮಹಿಳೆ ಸಭಾಧ್ಯಕ್ಷೆಯಾಗಿ ಏರಲೇ ಇಲ್ಲ.

ಯೋಗ್ಯರು ಸಿಗುವುದಿಲ್ಲ ಎನ್ನುವವರನ್ನು ನಮ್ಮ ಪಂಚಾಯಿತಿಗಳಿಗೆ ಕರೆತನ್ನಿ. 1983ರ ಪಂಚಾಯಿತಿ ಕಾಯ್ದೆಯಲ್ಲೇ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, ಇಡೀ ದೇಶಕ್ಕಿಂತ ಮುಂಚೆ ಕರ್ನಾಟಕ ಹೆಂಗಸರಿಗೆ ಪಂಚಾಯಿತಿಗಳಲ್ಲಿ ಕಾಲು ಭಾಗ ಕೊಟ್ಟಿತು. 2010ರ ತಿದ್ದುಪಡಿಯಿಂದ ಅದು ಅರ್ಧವಾಯಿತು. ನಾನೂ ಆ ಬಾಗಿಲಿನಿಂದಲೇ ಒಳಗೆ ಬಂದವಳು.

ಅಧ್ಯಕ್ಷೆಯಾಗಿ ಮೊದಲ ಸಾಮಾನ್ಯ ಸಭೆಗೆ ಹೋದಾಗ ನನ್ನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದ್ದರು. ಎರಡಕ್ಕೂ ಒಂದೇ ಬಣ್ಣದ ಟವೆಲ್ ಹೊದಿಸಿದ್ದರು. ಯಾರಿಗೆ ಎಂದು ಕೇಳಿದೆ. ನೀರಗಂಟಿ ತಲೆ ತಗ್ಗಿಸಿಕೊಂಡು, ‘ಯಜಮಾನರಿಗೆ ಅಕ್ಕಾ’ ಎಂದ. ಅವನದೇನೂ ತಪ್ಪಿಲ್ಲ, ನನಗಿಂತ ಮುಂಚಿನವರ ಕಾಲದಲ್ಲಿ ಹಾಗೇ ನಡೆದುಕೊಂಡು ಬಂದಿತ್ತು. ನನ್ನ ಗಂಡ ಆ ಹೊತ್ತಿನಲ್ಲಿ ಹೊಲದಲ್ಲಿ ನೀರು ಕಟ್ಟುತ್ತಿದ್ದರು, ಅವರಿಗೆ ಇದೊಂದೂ ಗೊತ್ತಿರಲಿಲ್ಲ. ನಾನೇ ಆ ಕುರ್ಚಿ ಎತ್ತಿ ಗೋಡೆಗೆ ಇಟ್ಟು ಬಂದು ಕೂತೆ. ಕೈ ನಡುಗುತ್ತಿತ್ತು, ನಿಜ. ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಾಗ ಅಕ್ಷರ ಸೊಟ್ಟಗಾಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಕ್ರಿಯಾಯೋಜನೆ ಓದುವುದು, ಕೂಲಿಯವರ ಹಾಜರಿ ಪಟ್ಟಿಯಾದ ಎನ್‌ಎಂಆರ್ ತಾಳೆ ನೋಡುವುದು, ಬಿಲ್ಲಿನಲ್ಲಿ ಬರೆದ ಪೈಪಿನ ಅಳತೆಗೂ ಗುಂಡಿಯಲ್ಲಿ ಹೂತ ಪೈಪಿನ ಅಳತೆಗೂ ವ್ಯತ್ಯಾಸ ಹಿಡಿಯುವುದು ಎಲ್ಲ ಬಂತು. ಕೊರೊನಾ ಎರಡನೇ ಅಲೆಯಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆ ತಿರುಗಿದೆವು. ನನ್ನಂಥವರು ರಾಜ್ಯದಲ್ಲಿ ಸಾವಿರಾರು ಮಂದಿ ಇದ್ದಾರೆ, ಸಭಾಧ್ಯಕ್ಷರೇ. ಮೀಸಲಾತಿ ಬದಲಾದ ದಿನವೇ ಅವರನ್ನು ಮನೆಗೆ ಕಳಿಸಿ ಮರೆತುಬಿಡುತ್ತೇವೆ. ವಿಧಾನಸಭೆಯ ಟಿಕೆಟ್ ಹಂಚುವಾಗ ಈ ಅನುಭವಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಮಹಿಳಾ ಮೀಸಲಾತಿ ಕಾಯ್ದೆ ಬಂದಿದೆಯಲ್ಲ ಎಂದು ತಾವು ಹೇಳಬಹುದು. 1996ರ ಸೆಪ್ಟೆಂಬರ್‌ನಲ್ಲಿ ನಮ್ಮವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ ಮೊದಲು ಮಂಡನೆಯಾದ ಮಸೂದೆ, 2023ರ ಸೆಪ್ಟೆಂಬರ್‌ನಲ್ಲಿ 106ನೇ ತಿದ್ದುಪಡಿಯಾಗಿ ಪಾಸಾಯಿತು. ಲೋಕಸಭೆಯ ಜೊತೆಗೆ ವಿಧಾನಸಭೆಗಳಿಗೂ ಮೂರನೇ ಒಂದು ಭಾಗ. ನಮ್ಮ ಸದನದಲ್ಲಿ ಅದು ಸುಮಾರು 75 ಸ್ಥಾನ. ಆದರೆ ಮೊದಲು ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಆಮೇಲೆ ಮೀಸಲಾತಿ ಎಂಬ ಷರತ್ತನ್ನೂ ಜೊತೆಗೇ ಕಟ್ಟಿದರು. ಇಪ್ಪತ್ತೇಳು ವರ್ಷ ಕಾದು ಪಡೆದದ್ದಕ್ಕೆ ಮತ್ತೆ ಕಾಯಿರಿ ಎನ್ನುತ್ತಿದ್ದಾರೆ.

ತಾವು ಜನಗಣತಿ ಮಾಡಿಸಲಾರಿರಿ, ಪಕ್ಷಗಳಿಗೆ ಇವರಿಗೇ ಟಿಕೆಟ್ ಕೊಡಿ ಎನ್ನಲಾರಿರಿ. ಪೀಠದ ಮರ್ಯಾದೆ ನನಗೂ ಗೊತ್ತು. ಆದರೆ ಈ ಹದಿನಾರನೇ ವಿಧಾನಸಭೆ 2028ರಲ್ಲಿ ಮುಗಿಯುವುದರೊಳಗೆ ತಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ತಾವು ಇಲ್ಲದ ಹೊತ್ತಿನಲ್ಲಿ ಸದನ ನಡೆಸಲು ಪ್ರತಿ ಅಧಿವೇಶನಕ್ಕೂ ಸದಸ್ಯರ ಪಟ್ಟಿಯೊಂದನ್ನು ತಾವೇ ಪ್ರಕಟಿಸುತ್ತೀರಿ. ಅದರಲ್ಲಿ ಒಂದು ಹೆಸರು ಸೇರಿಸಿ ಕೈತೊಳೆದುಕೊಳ್ಳುವಂತೆ ಆಗಬಾರದು. ನಮ್ಮ ಹೆಣ್ಣುಮಕ್ಕಳು ಪ್ರಶ್ನೋತ್ತರದಂಥ ಬಿಸಿ ಹೊತ್ತಿನಲ್ಲಿ, ಬಜೆಟ್ ಚರ್ಚೆಯಂಥ ದೊಡ್ಡ ಹೊತ್ತಿನಲ್ಲಿ ಆ ಪೀಠದಲ್ಲಿ ಕೂತು ‘ಕೂತುಕೊಳ್ಳಿ’ ಎಂದು ಹಿರಿಯ ಸದಸ್ಯರಿಗೆ ಹೇಳಬೇಕು, ಅವರು ಕೂರಬೇಕು. ಅದನ್ನು ರಾಜ್ಯ ನೋಡಬೇಕು. ಸಮಿತಿಗಳ ವಿಷಯದಲ್ಲೂ ಅಷ್ಟೇ. ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಸಮಿತಿ ಹೇಗೂ ಇದೆ, ಅಂದಾಜು ಸಮಿತಿ, ಸಾರ್ವಜನಿಕ ಉದ್ದಿಮೆಗಳ ಸಮಿತಿಗಳ ಅಧ್ಯಕ್ಷತೆಯನ್ನೂ ಅವರಿಗೆ ಕೊಟ್ಟು ನೋಡಿ. ಪೈಪಿನ ಅಳತೆ ನೋಡಿದ ಕಣ್ಣು ನಿಗಮದ ಲೆಕ್ಕವನ್ನೂ ನೋಡುತ್ತದೆ. ಮತ್ತೊಂದು: ಪ್ರತಿ ಅಧಿವೇಶನ ಮುಗಿದಾಗ ಯಾವ ಸದಸ್ಯರಿಗೆ ಮಾತನಾಡಲು ಎಷ್ಟು ನಿಮಿಷ ಸಿಕ್ಕಿತು ಎಂಬ ಪಟ್ಟಿಯನ್ನು ಪ್ರಕಟಿಸಿ. ನಮ್ಮ ಹನ್ನೊಂದು ಮಂದಿಗೆ ಸಿಕ್ಕಿದ್ದೆಷ್ಟು ಎಂದು ಜನರೇ ನೋಡಿಕೊಳ್ಳಲಿ.

ಪೀಠದಲ್ಲಿ ಯಾರಿದ್ದಾರೆ ಎಂಬುದರಿಂದ ಸದನದ ನಡೆ ಬದಲಾಗುತ್ತದೆ ಎಂಬುದಕ್ಕೆ ಒಂದು ಕಹಿ ನೆನಪಿದೆ. 2021ರ ಡಿಸೆಂಬರ್‌ನಲ್ಲಿ, ಹಿಂದಿನ ವಿಧಾನಸಭೆಯ ಬೆಳಗಾವಿ ಅಧಿವೇಶನದಲ್ಲಿ, ಹಿರಿಯ ಸದಸ್ಯರೊಬ್ಬರು ಅತ್ಯಾಚಾರದ ಕುರಿತು ಆಡಿದ ಮಾತಿಗೆ ಪೀಠದಲ್ಲಿದ್ದವರೂ ಸೇರಿ ಸದನ ನಕ್ಕಿತು. ಮಾರನೇ ದಿನ ಮಹಿಳಾ ಸದಸ್ಯರು ಎದ್ದು ನಿಂತು ಪ್ರತಿಭಟಿಸಿದರು, ಆ ಮಾತಾಡಿದ ಹಿರಿಯ ಸದಸ್ಯರು ಕ್ಷಮೆ ಕೇಳಿದರು. ಆ ನಗು ಟಿವಿಯಲ್ಲಿ ಬಂದಾಗ ನನ್ನ ಮಗಳು ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳು ಏನೂ ಕೇಳಲಿಲ್ಲ, ಎದ್ದು ಒಳಗೆ ಹೋದಳು. ಅಂದು ಆ ಪೀಠದಲ್ಲಿ ನಾಗರತ್ನಮ್ಮನವರಂಥವರು ಕೂತಿದ್ದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು ಎಂದು ನಾನು ನಂಬಿದ್ದೇನೆ.

2025ರ ಮಾರ್ಚ್ 21ರಂದು ಸದನ ಬಿಜೆಪಿಯ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿತು, ಮೇ ತಿಂಗಳಲ್ಲಿ ಅದು ರದ್ದಾಯಿತು. ಅದರ ಸರಿತಪ್ಪು ನನ್ನ ವಿಷಯವಲ್ಲ. ಸುದ್ದಿ ಓದುವಾಗ ನನಗೆ ಹೊಳೆದದ್ದು ಇಷ್ಟೇ: ಒಂದೇ ದಿನ ಹೊರಗೆ ಹೋದವರ ಸಂಖ್ಯೆಯಷ್ಟೂ ನಮ್ಮ ಹೆಣ್ಣುಮಕ್ಕಳು ಇಡೀ ಸದನದಲ್ಲಿಲ್ಲ.

2023ರ ಮೇ 24ರಂದು ತಾವು ಅವಿರೋಧವಾಗಿ ಆಯ್ಕೆಯಾದಾಗ, ಆ ಪೀಠಕ್ಕೆ ಬಂದ ಮೊದಲ ಮುಸ್ಲಿಂ ಎಂದು ಪತ್ರಿಕೆಗಳು ಬರೆದವು. ನಮ್ಮ ಊರಿನ ಮುಸ್ಲಿಂ ಮನೆಗಳಲ್ಲಿ ಅಂದು ಇದ್ದ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಗಿಲು ತೆರೆದಾಗ ಆಗುವ ಆನಂದ ಎಂಥದ್ದು ಎಂದು ತಮಗೆ ವಿವರಿಸಬೇಕಾಗಿಲ್ಲ. ವಿಧಾನಸೌಧದ ಆವರಣದಲ್ಲಿ ಪುಸ್ತಕ ಮೇಳ ನಡೆಸಿ ಸಾಮಾನ್ಯ ಜನರನ್ನು ಒಳಗೆ ಕರೆದವರು ತಾವು. ಆ ಧೈರ್ಯದಿಂದಲೇ ಇಷ್ಟು ಬರೆದಿದ್ದೇನೆ.

ಕೊನೆಯದಾಗಿ ಒಂದು ಸಣ್ಣ ಮನವಿ. ಮುಂದಿನ ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಬರಬೇಕೆಂದು ನಮ್ಮ ತಾಲ್ಲೂಕಿನ ಪಂಚಾಯಿತಿ ಹೆಂಗಸರು ಮಾತನಾಡಿಕೊಂಡಿದ್ದೇವೆ. ರಾಜ್ಯದ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಬಹಳ ದೂರದ ದಾರಿ, ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡೇ ಹೊರಡುತ್ತೇವೆ. ಇಪ್ಪತ್ತು ಪಾಸುಗಳನ್ನು ಕೊಡಿಸಿ. ಮತ್ತು ನಾವು ಗ್ಯಾಲರಿಯಲ್ಲಿ ಕೂತಿರುವ ದಿನ, ಮಧ್ಯಾಹ್ನದ ಕಲಾಪಕ್ಕಾದರೂ, ಆ ಹನ್ನೊಂದು ಮಂದಿಯಲ್ಲಿ ಒಬ್ಬರಿಗೆ ತಮ್ಮ ಪೀಠ ಬಿಟ್ಟುಕೊಡಿ. ನನ್ನ ಮಗಳನ್ನೂ ಕರೆದುಕೊಂಡು ಬರುತ್ತೇನೆ.

ವಂದನೆಗಳೊಂದಿಗೆ,

ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಮಾಜಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ